ಸಾವಯವ ಹತ್ತಿ ಬಟ್ಟೆಯಿಂದ ನಿಜವಾದ ಲಾಭ ಯಾರಿಗೆ? ಉತ್ತರ ಆಲ್ಬರ್ಟ್ ಹೋವರ್ಡ್ ಬದುಕಿನಲ್ಲಿದೆ

ಸಾವಯವ ಹತ್ತಿಯ ಬಟ್ಟೆ ಹಾಕಿದರೆ ಮಗುವಿನ ಚರ್ಮದ ಅಲರ್ಜಿ ವಾಸಿಯಾಗುತ್ತದೆ. ಮಾಮೂಲಿ ಹತ್ತಿ ಬಟ್ಟೆಯಲ್ಲಿ ವಿಷ ತುಂಬಿರುತ್ತದೆ. ಸಾವಯವ ಹತ್ತಿಗೆ ಶೇ. 91ರಷ್ಟು ಕಡಿಮೆ ನೀರು ಸಾಕು. ಇಂಥ ಫಾರ್ವರ್ಡ್ ಯಾವುದೋ ಒಂದು ಫ್ಯಾಮಿಲಿ ಗ್ರೂಪಿನಲ್ಲಿ ನಿಮಗೂ ಬಂದಿರುತ್ತದೆ. ಕೊನೆಯಲ್ಲಿ ಹತ್ತು ಜನಕ್ಕೆ ಕಳಿಸಿ ಎಂಬ ಸಾಲೂ ಇರುತ್ತದೆ.

ಇದರಲ್ಲಿ ನಿಜ ಎಷ್ಟು, ಸುಳ್ಳು ಎಷ್ಟು ಎಂದು ತಿಳಿಯಲು ಒಂದು ಸುಲಭ ದಾರಿ ಇದೆ. ಸಾವಯವ ಕೃಷಿ ಎಂಬ ಆಲೋಚನೆಗೆ ಆಧುನಿಕ ವಿಜ್ಞಾನದ ಭಾಷೆ ಕೊಟ್ಟ ಮನುಷ್ಯನ ಬದುಕನ್ನು ನೋಡುವುದು. ಅವರ ಹೆಸರು ಸರ್ ಆಲ್ಬರ್ಟ್ ಹೋವರ್ಡ್. ಇಂಗ್ಲೆಂಡಿನಲ್ಲಿ ಹುಟ್ಟಿದರೂ ಕಲಿತದ್ದು ಭಾರತದ ಹೊಲಗಳಲ್ಲಿ. ಅವರ ಅತಿ ಮುಖ್ಯ ಕೆಲಸ ನಡೆದದ್ದು ಹತ್ತಿ ಬೆಳೆಯುವ ನಾಡಿನಲ್ಲಿ, ಹತ್ತಿಯ ಸಂಶೋಧನೆಗೆಂದು ಕೊಟ್ಟ ಹಣದಲ್ಲಿ.

ಹತ್ತಿ ನಮಗೆ ಹೊಸದಲ್ಲ. ಚಾಮರಾಜನಗರ, ಗುಂಡ್ಲುಪೇಟೆ ಕಡೆ ಏಪ್ರಿಲ್–ಮೇ ತಿಂಗಳಲ್ಲಿ ಮುಂಗಾರು ಪೂರ್ವ ಮಳೆ ಬಿದ್ದರೆ ಸಾಕು, ಹತ್ತಿ, ಸೂರ್ಯಕಾಂತಿ, ಜೋಳದ ಬಿತ್ತನೆ ಶುರುವಾಗುತ್ತದೆ. ಹೆಚ್ಚಿನ ಹೊಲಗಳಿಗೆ ಮಳೆಯೇ ನೀರು. ಹತ್ತಿ ಬಿಡಿಸಿ ಮುಗಿದ ಮೇಲೆ ಉಳಿಯುವುದು ಒಣ ಕಡ್ಡಿ. ಅದರಲ್ಲಿ ಸ್ವಲ್ಪ ಒಲೆಗೆ ಹೋಗುತ್ತದೆ, ಉಳಿದದ್ದನ್ನು ಬದುವಿನ ಪಕ್ಕ ರಾಶಿ ಹಾಕಿ ಬೆಂಕಿ ಇಡುವುದೂ ಉಂಟು. ಹೋವರ್ಡ್ ಕಥೆ ಕೊನೆಗೆ ಈ ಕಡ್ಡಿಯ ಹತ್ತಿರವೇ ಬಂದು ನಿಲ್ಲುತ್ತದೆ.

ರೈತನ ಮಗ, ಲ್ಯಾಬಿನ ಸನ್ಯಾಸಿ

ಆಲ್ಬರ್ಟ್ ಹೋವರ್ಡ್ ಹುಟ್ಟಿದ್ದು 1873ರ ಡಿಸೆಂಬರ್ 8ರಂದು, ಇಂಗ್ಲೆಂಡಿನ ಶ್ರಾಪ್‌ಶೈರ್ ಜಿಲ್ಲೆಯ ಬಿಷಪ್ಸ್ ಕ್ಯಾಸಲ್ ಎಂಬ ಪುಟ್ಟ ಊರಿನಲ್ಲಿ. ಅಪ್ಪ ರೈತ. ಹಾಗಾಗಿ ಸಗಣಿ, ಮಣ್ಣು, ದನದ ಕೊಟ್ಟಿಗೆ ಅವರಿಗೆ ಪುಸ್ತಕದಿಂದ ಬಂದ ಜ್ಞಾನವಲ್ಲ. ಓದಿನಲ್ಲೂ ಚುರುಕು. ಲಂಡನ್ನಿನಲ್ಲಿ ಓದಿ, ಕೇಂಬ್ರಿಡ್ಜ್‌ಗೆ ಹೋಗಿ, ನೈಸರ್ಗಿಕ ವಿಜ್ಞಾನದಲ್ಲಿ ಮೊದಲ ದರ್ಜೆಯಲ್ಲಿ ಪಾಸಾದರು.

1899ರಲ್ಲಿ ವೆಸ್ಟ್ ಇಂಡೀಸ್‌ಗೆ ಕೆಲಸಕ್ಕೆ ಹೋದರು. ಬೆಳೆಗಳಿಗೆ ಬರುವ ಶಿಲೀಂಧ್ರ ರೋಗಗಳನ್ನು ಅಧ್ಯಯನ ಮಾಡುವುದು, ರೈತರಿಗೆ ಸಲಹೆ ಕೊಡುವುದು ಅವರ ಕೆಲಸ. ಅಲ್ಲಿ ಒಂದು ಪ್ರಶ್ನೆ ಅವರನ್ನು ಕಾಡಿತು. ರೋಗ ಹಿಡಿದ ಎಲೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಸಲಹೆ ಬರೆದುಕೊಡುತ್ತಿದ್ದರು. ಆದರೆ ತಾವೇ ಬೆಳೆ ಬೆಳೆದು ಆ ಸಲಹೆಯನ್ನು ಪರೀಕ್ಷಿಸಲು ಅವರ ಕೈಯಲ್ಲಿ ಒಂದು ತುಂಡು ನೆಲವೂ ಇರಲಿಲ್ಲ. ತಾನು ಮಾಡಿ ನೋಡದ್ದನ್ನು ರೈತನಿಗೆ ಮಾಡು ಎಂದು ಹೇಳುವುದು ಎಷ್ಟು ಸರಿ? ಆ ಮುಜುಗರವೇ ಅವರ ಮುಂದಿನ ಬದುಕಿಗೆ ದಾರಿ ತೋರಿಸಿತು.

ಪೂಸಾ: ಅಕ್ಕಪಕ್ಕದ ರೈತರೇ ಮೇಷ್ಟ್ರುಗಳು

1905ರಲ್ಲಿ ಹೋವರ್ಡ್ ಭಾರತಕ್ಕೆ ಬಂದರು. ಬಿಹಾರದ ಪೂಸಾದಲ್ಲಿ ಆಗಷ್ಟೇ ಶುರುವಾಗಿದ್ದ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ಸರ್ಕಾರದ ಸಸ್ಯವಿಜ್ಞಾನಿ ಹುದ್ದೆ. ಅದೇ ವರ್ಷ ಗೇಬ್ರಿಯೆಲ್ ಮ್ಯಾಥಾಯ್ ಅವರನ್ನು ಮದುವೆಯಾದರು. ಅವರೂ ಕೇಂಬ್ರಿಡ್ಜ್‌ನಲ್ಲಿ ಸಸ್ಯಗಳ ಉಸಿರಾಟ, ಆಹಾರ ತಯಾರಿಕೆಯ ಮೇಲೆ ಸಂಶೋಧನೆ ಮಾಡಿದ್ದ ವಿಜ್ಞಾನಿ. ಗಂಡ ಹೆಂಡತಿ ಇಬ್ಬರೂ ಸೇರಿ ಪೂಸಾದಲ್ಲಿ ಗೋಧಿಯ ಹೊಸ ತಳಿಗಳನ್ನು ರೂಪಿಸಿದರು. ಪೂಸಾ ಹೆಸರಿನ ಆ ಗೋಧಿಗಳು ಉತ್ತರ ಭಾರತದಲ್ಲಿ ಹೆಸರು ಮಾಡಿದವು.

ಪೂಸಾದಲ್ಲಿ ಹೋವರ್ಡ್ ಕೇಳಿದ್ದು ಒಂದೇ: ಸ್ವಂತ ಪ್ರಯೋಗಕ್ಕೆ ನೆಲ. 75 ಎಕರೆ ಸಿಕ್ಕಿತು. ಆಮೇಲೆ ಅವರು ಮಾಡಿದ್ದು ಆ ಕಾಲದ ಬ್ರಿಟಿಷ್ ಅಧಿಕಾರಿಗಳಲ್ಲಿ ಅಪರೂಪದ ಕೆಲಸ. ಸುತ್ತಲಿನ ಹಳ್ಳಿಗಳ ರೈತರು ಏನು ಮಾಡುತ್ತಾರೆ ಎಂದು ಗಮನಿಸತೊಡಗಿದರು. ಆ ಹೊಲಗಳಲ್ಲಿ ಔಷಧಿ ಸಿಂಪಡಣೆ ಇಲ್ಲ, ರಾಸಾಯನಿಕ ಗೊಬ್ಬರವೂ ಇಲ್ಲ. ಆದರೂ ಬೆಳೆಗೆ ರೋಗ, ಕೀಟದ ಕಾಟ ಕಡಿಮೆ ಇತ್ತು. ಅವರು ಒಂದೇ ಬೆಳೆಯನ್ನು ಹಾಕದೆ ಧಾನ್ಯದ ಜೊತೆ ಬೇಳೆಕಾಳು ಸೇರಿಸಿ ಬಿತ್ತುತ್ತಿದ್ದರು. ನಮ್ಮ ಕಡೆ ರಾಗಿಯ ಸಾಲಿನ ನಡುವೆ ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುತ್ತಾರಲ್ಲ, ಹೆಚ್ಚುಕಡಿಮೆ ಹಾಗೆ. ಹೋವರ್ಡ್ ಆ ರೈತರನ್ನೂ ಬೆಳೆಗೆ ಬರುವ ಕೀಟಗಳನ್ನೂ ತಮ್ಮ ಗುರುಗಳೆಂದು ಒಪ್ಪಿಕೊಂಡರು. ಕೀಟ ಬಂತೆಂದರೆ ಅದನ್ನು ಕೊಲ್ಲುವ ಮುಂಚೆ, ಅದು ಯಾಕೆ ಬಂತು ಎಂದು ಮಣ್ಣನ್ನು ನೋಡಬೇಕು ಎನ್ನುವುದು ಅವರ ನಿಲುವಾಯಿತು.

ತಮ್ಮ ಎತ್ತುಗಳ ಬಗ್ಗೆಯೂ ಅವರು ಒಂದು ಸಂಗತಿ ದಾಖಲಿಸಿದ್ದಾರೆ. ಪಕ್ಕದ ದನಗಳಿಗೆ ಕಾಲುಬಾಯಿ ಜ್ವರ ಬಂದಿತ್ತು. ಆ ದನಗಳ ಮೂತಿಗೆ ತಮ್ಮ ಎತ್ತುಗಳು ಮೂತಿ ತಾಗಿಸಿದರೂ ಅವಕ್ಕೆ ರೋಗ ಬರಲಿಲ್ಲ. ಒಳ್ಳೆಯ ಮಣ್ಣಿನಲ್ಲಿ ಬೆಳೆದ ಮೇವು ತಿಂದದ್ದೇ ಕಾರಣ ಎಂದು ಅವರು ನಂಬಿದರು. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಮತ್ತೆ ಬೇಕಾಗುತ್ತದೆ.

ಇಂದೋರ್: ಹತ್ತಿಗೆಂದು ಬಂದ ಹಣ

ಪೂಸಾದಲ್ಲಿ ಹೋವರ್ಡ್‌ಗೆ ಒಂದು ಅಸಮಾಧಾನ ಬೆಳೆಯುತ್ತಾ ಹೋಯಿತು. ಸಸ್ಯಕ್ಕೆ ಒಂದು ವಿಭಾಗ, ಮಣ್ಣಿಗೆ ಇನ್ನೊಂದು, ಕೀಟಕ್ಕೆ ಮತ್ತೊಂದು, ಶಿಲೀಂಧ್ರಕ್ಕೆ ಮಗದೊಂದು. ಹೊಲದಲ್ಲಿ ಇವೆಲ್ಲ ಒಟ್ಟಿಗೆ ಇರುವಾಗ ಕಚೇರಿಯಲ್ಲಿ ಮಾತ್ರ ಯಾಕೆ ಬೇರೆ ಬೇರೆ? ಬೆಳೆಯನ್ನು ಇಡಿಯಾಗಿ ನೋಡುವ ಒಂದು ಸಂಸ್ಥೆ ಬೇಕು ಎಂದು ಅವರು ಪಟ್ಟು ಹಿಡಿದರು.

ಅವಕಾಶ ಬಂದದ್ದು ಹತ್ತಿಯಿಂದ. ದೇಶದ ಹತ್ತಿ ಸುಧಾರಣೆಗಾಗಿ 1921ರಲ್ಲಿ ಭಾರತೀಯ ಕೇಂದ್ರ ಹತ್ತಿ ಸಮಿತಿ ರಚನೆಯಾಗಿತ್ತು. ಗಿರಣಿಗಳಿಗೆ ಒಳ್ಳೆಯ ಗುಣಮಟ್ಟದ ಹತ್ತಿ ಬೇಕಿತ್ತು. ಆ ಸಮಿತಿಯ ನೆರವಿನಿಂದ 1924ರಲ್ಲಿ ಇಂದೋರಿನಲ್ಲಿ ಇನ್‌ಸ್ಟಿಟ್ಯೂಟ್ ಆಫ್ ಪ್ಲಾಂಟ್ ಇಂಡಸ್ಟ್ರಿ ಶುರುವಾಯಿತು. ಇಂದೋರ್ ಸಂಸ್ಥಾನ 300 ಎಕರೆ ನೆಲ ಕೊಟ್ಟಿತು. ಹೋವರ್ಡ್ ಅದರ ನಿರ್ದೇಶಕರಾದರು.

ಇಂದೋರಿನ ನೆಲ ಕಪ್ಪು ಮಣ್ಣು. ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಭಾಗದಲ್ಲಿ ಕೆಂಪು ಮಣ್ಣಿನ ಜೊತೆ ಅಲ್ಲಲ್ಲಿ ಇರುವ ಎರೆ ಮಣ್ಣಿನ ಜಾತಿಯೇ. ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ, ಮಳೆಗಾಲದಲ್ಲಿ ಕಾಲಿಗೆ ಅಂಟಿಕೊಂಡು ಬರುತ್ತದೆ. ಹತ್ತಿ ಯಾಕೆ ಸರಿಯಾಗಿ ಬರುವುದಿಲ್ಲ ಎಂದು ಹುಡುಕಿದಾಗ ಹೋವರ್ಡ್‌ಗೆ ಕಂಡದ್ದು ಬೀಜದ ದೋಷವೊಂದೇ ಅಲ್ಲ. ಜೋರು ಮಳೆಯಲ್ಲಿ ನೀರು ನಿಂತು ಮಣ್ಣಿನ ಒಳಗೆ ಗಾಳಿ ಆಡುತ್ತಿರಲಿಲ್ಲ, ಬೇರು ಉಸಿರು ಕಟ್ಟಿ ನರಳುತ್ತಿತ್ತು. ಮಣ್ಣಿನಲ್ಲಿ ಕೊಳೆತ ಸಾವಯವ ಪದಾರ್ಥ, ಅಂದರೆ ಹ್ಯೂಮಸ್, ಕಡಿಮೆಯಾಗಿತ್ತು. ನೀರು ಬಸಿದು ಹೋಗುವಂತೆ ಮಾಡಿ, ಹ್ಯೂಮಸ್ ಸೇರಿಸದೆ ಬರೀ ಹೊಸ ತಳಿ ತಂದರೆ ಪ್ರಯೋಜನ ಅಷ್ಟಕ್ಕಷ್ಟೇ ಎಂದು ಅವರು ಕಂಡುಕೊಂಡರು.

ಆದರೆ ಹ್ಯೂಮಸ್ ಎಲ್ಲಿಂದ ತರುವುದು? ರೈತನ ಮನೆಯ ಸಗಣಿಯಲ್ಲಿ ಬಹುಪಾಲು ಬೆರಣಿಯಾಗಿ ಒಲೆಗೆ ಹೋಗುತ್ತಿತ್ತು. ಉಳಿದ ಸಗಣಿ ಇಡೀ ಹೊಲಕ್ಕೆ ಸಾಲದು.

ಗಾಡಿ ಚಕ್ರದ ಕೆಳಗೆ ಹತ್ತಿ ಕಡ್ಡಿ

ಉತ್ತರಕ್ಕೆ ಹೋವರ್ಡ್ ಎರಡು ಕಡೆ ನೋಡಿದರು. ಒಂದು ಚೀನಾ. ಅಮೆರಿಕದ ಎಫ್.ಎಚ್. ಕಿಂಗ್ ಎಂಬ ಮಣ್ಣು ವಿಜ್ಞಾನಿ ಚೀನಾ, ಕೊರಿಯಾ, ಜಪಾನ್ ಸುತ್ತಿ, ಅಲ್ಲಿನ ರೈತರು ಯಾವ ಕಸವನ್ನೂ ವ್ಯರ್ಥ ಮಾಡದೆ ಸಾವಿರಾರು ವರ್ಷಗಳಿಂದ ನೆಲ ಉಳಿಸಿಕೊಂಡ ಬಗೆಯನ್ನು ಬರೆದಿದ್ದರು. ಇನ್ನೊಂದು ಹೊಸ ಕಾಲದ ಸೂಕ್ಷ್ಮಜೀವಿ ವಿಜ್ಞಾನ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗಿಲ್ಬರ್ಟ್ ಫೌಲರ್ ಕಸ ಕೊಳೆಯುವ ಕ್ರಿಯೆಯ ಮೇಲೆ ಪ್ರಯೋಗ ನಡೆಸಿದ್ದೂ ಇದೇ ಕಾಲಘಟ್ಟದಲ್ಲಿ.

ಇಂದೋರಿನಲ್ಲಿ ಹೋವರ್ಡ್ ಮತ್ತು ಅವರ ಸಹೋದ್ಯೋಗಿ, ರಸಾಯನ ವಿಜ್ಞಾನಿ ಯಶವಂತ ವಾಡ್ ಸೇರಿ ಒಂದು ಕ್ರಮ ರೂಪಿಸಿದರು. ಇಂದಿಗೂ ಅದಕ್ಕೆ ಇಂದೋರ್ ಪದ್ಧತಿ ಎಂದೇ ಹೆಸರು.

ಹತ್ತಿ ಕಡ್ಡಿ ಗಟ್ಟಿ. ಹಾಗೇ ಗುಂಡಿಗೆ ಹಾಕಿದರೆ ವರ್ಷವಾದರೂ ಕೊಳೆಯುವುದಿಲ್ಲ. ಅದನ್ನು ಪುಡಿ ಮಾಡಲು ಯಂತ್ರ ತರಿಸಲಿಲ್ಲ. ಕಡ್ಡಿಯನ್ನು ತೋಟದ ಗಾಡಿ ದಾರಿಯ ಮೇಲೆ ಹರಡಿದರು. ಓಡಾಡುವ ಎತ್ತಿನಗಾಡಿಗಳ ಚಕ್ರ, ಎತ್ತಿನ ಗೊರಸು ಅದನ್ನು ನುಜ್ಜುಗುಜ್ಜು ಮಾಡಿದವು. ನುಜ್ಜಾದ ಕಡ್ಡಿ, ಕಳೆ, ಎಲೆ, ಹುಲ್ಲನ್ನು ಬೆರೆಸಿ ದನದ ಕಾಲಡಿ ಹಾಸಿದರು. ಮಾರನೇ ದಿನ ಅದು ಸಗಣಿ, ಗಂಜಲ ಹೀರಿಕೊಂಡು ಗುಂಡಿಗೆ ಹೋಯಿತು. ಕೊಟ್ಟಿಗೆಯಲ್ಲಿ ಗಂಜಲ ಕುಡಿದ ಮಣ್ಣು, ಒಲೆಯ ಬೂದಿ ಕೂಡ ಪದರ ಪದರವಾಗಿ ಸೇರಿದವು. ನೀರು ಚಿಮುಕಿಸಿ, ರಾಶಿಯೊಳಗೆ ಗಾಳಿ ಆಡುವಂತೆ ಸಡಿಲವಾಗಿ ಬಿಟ್ಟರು. ಹದಿನಾರನೇ ದಿನ ಒಮ್ಮೆ, ಒಂದು ತಿಂಗಳಿಗೆ ಒಮ್ಮೆ, ಎರಡು ತಿಂಗಳಿಗೆ ಒಮ್ಮೆ ತಿರುವಿ ಹಾಕಿದರು. ಸುಮಾರು ಮೂರು ತಿಂಗಳಿಗೆ ಕಪ್ಪಗೆ ಪುಡಿಯಾದ ಗೊಬ್ಬರ ಸಿದ್ಧ.

ಇದರ ಹಿಂದಿನ ವಿಜ್ಞಾನ ಸರಳ. ಒಣ ಕಡ್ಡಿಯಲ್ಲಿ ಇಂಗಾಲ ಜಾಸ್ತಿ, ಸಗಣಿ ಗಂಜಲದಲ್ಲಿ ಸಾರಜನಕ ಜಾಸ್ತಿ. ಎರಡೂ ಹದವಾಗಿ ಬೆರೆತು, ತೇವ ಮತ್ತು ಗಾಳಿ ಸಿಕ್ಕಾಗ ಸೂಕ್ಷ್ಮಜೀವಿಗಳು ಭರದಿಂದ ಕೆಲಸ ಮಾಡುತ್ತವೆ. ರಾಶಿಯ ಒಳಗಿನ ಶಾಖ 60 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆ ಬಿಸಿಗೆ ಕಳೆ ಬೀಜ, ಹುಳದ ಮೊಟ್ಟೆಗಳಲ್ಲಿ ಬಹಳಷ್ಟು ನಾಶವಾಗುತ್ತವೆ. ನಮ್ಮ ಮನೆ ಹಿತ್ತಲಿನ ತಿಪ್ಪೆಯಲ್ಲಿ ಆಗುವುದೂ ಇದೇ. ಆದರೆ ತಿಪ್ಪೆಯಲ್ಲಿ ಗಾಳಿ, ತೇವ, ಹದ ಯಾವುದಕ್ಕೂ ಲೆಕ್ಕವಿಲ್ಲ. ಅರ್ಧ ಸಾರ ಬಿಸಿಲಿಗೆ, ಮಳೆಗೆ ಹೋಗುತ್ತದೆ. ಇಂದೋರ್ ಪದ್ಧತಿ ತಿಪ್ಪೆಗೆ ಲೆಕ್ಕ ಕಲಿಸಿತು ಎನ್ನಬಹುದು.

ಹಿಂದೆ ಉಳಿದ ಎರಡು ಹೆಸರು

ಇಂದೋರ್ ಪದ್ಧತಿಯನ್ನು ವಿವರಿಸುವ ಪುಸ್ತಕ 1931ರಲ್ಲಿ ಬಂತು. ಅದರ ಮೇಲೆ ಹೋವರ್ಡ್ ಮತ್ತು ವಾಡ್ ಇಬ್ಬರ ಹೆಸರೂ ಇದೆ. ಆದರೆ ಇವತ್ತು ಯಾವ ಫಾರ್ವರ್ಡ್‌ನಲ್ಲೂ ವಾಡ್ ಅವರ ಹೆಸರು ಕಾಣುವುದಿಲ್ಲ.

ಗೇಬ್ರಿಯೆಲ್ ಅವರ ಹೆಸರೂ ಹಾಗೆಯೇ ಹಿಂದೆ ಸರಿಯಿತು. 25 ವರ್ಷ ಗಂಡನ ಜೊತೆ ಹೊಲದಲ್ಲೂ ಲ್ಯಾಬಿನಲ್ಲೂ ಸಮನಾಗಿ ದುಡಿದರು. ಸರ್ಕಾರ ಅವರಿಗೆ ಕೈಸರ್-ಇ-ಹಿಂದ್ ಚಿನ್ನದ ಪದಕ ಕೊಟ್ಟಿತ್ತು, ಸಸ್ಯವಿಜ್ಞಾನಿಯಾಗಿ ಅವರದೇ ಹುದ್ದೆಯೂ ಇತ್ತು. 1930ರಲ್ಲಿ ಅವರು ತೀರಿಕೊಂಡರು. ಮುಂದಿನ ವರ್ಷ ಹೋವರ್ಡ್ ಭಾರತ ಬಿಟ್ಟರು. ಆಮೇಲೆ ಗೇಬ್ರಿಯೆಲ್ ಅವರ ತಂಗಿ ಲೂಯಿಸ್ ಅವರನ್ನು ಮದುವೆಯಾದರು. ಹೋವರ್ಡ್ ಭಾರತದಲ್ಲಿ ಮಾಡಿದ ಕೆಲಸದ ಬಗ್ಗೆ ಪುಸ್ತಕ ಬರೆದು ಅದನ್ನು ಉಳಿಸಿದವರು ಈ ಲೂಯಿಸ್.

ಸಾವಯವ ಎಂಬ ಹೆಸರು ಬಂದದ್ದು

ಇಂಗ್ಲೆಂಡಿಗೆ ಮರಳಿದ ಮೇಲೆ ಹೋವರ್ಡ್ ಸುಮ್ಮನೆ ಕೂರಲಿಲ್ಲ. ಭಾರತ ಮತ್ತು ಸಿಲೋನಿನ ಚಹಾ ತೋಟಗಳು, ಆಫ್ರಿಕಾದ ಎಸ್ಟೇಟುಗಳು ಇಂದೋರ್ ಪದ್ಧತಿಯನ್ನು ಪ್ರಯೋಗಿಸಿದವು. 1934ರಲ್ಲಿ ಅವರಿಗೆ ಸರ್ ಪದವಿ ಬಂತು. 1935ರಲ್ಲಿ ಇಂದೋರಿಗೆ ಹೋಗಿದ್ದ ಗಾಂಧೀಜಿ ಆ ಸಂಸ್ಥೆಗೆ ಭೇಟಿ ಕೊಟ್ಟು ಗೊಬ್ಬರ ಮಾಡುವ ಕ್ರಮವನ್ನು ನೋಡಿದರು.

1940ರಲ್ಲಿ ಹೋವರ್ಡ್ ಬರೆದ ಆ್ಯನ್ ಅಗ್ರಿಕಲ್ಚರಲ್ ಟೆಸ್ಟಮೆಂಟ್ ಪುಸ್ತಕ ಪ್ರಕಟವಾಯಿತು. ಮಣ್ಣಿನ ಫಲವತ್ತತೆಯನ್ನು ಮರಳಿ ಕೊಡದ ಕೃಷಿ ಮುಂದಿನ ಪೀಳಿಗೆಯಿಂದ ಕದ್ದ ಹಾಗೆ ಎನ್ನುವುದು ಅದರ ತಿರುಳು. ಕುತೂಹಲದ ವಿಷಯವೆಂದರೆ, ಸಾವಯವ ಕೃಷಿ ಎಂಬ ಅರ್ಥದ ಇಂಗ್ಲಿಷ್ ಹೆಸರನ್ನು ಬಳಕೆಗೆ ತಂದವರು ಹೋವರ್ಡ್ ಅಲ್ಲ. ಅದೇ 1940ರಲ್ಲಿ ಲಾರ್ಡ್ ನಾರ್ತ್‌ಬೋರ್ನ್ ತಮ್ಮ ಪುಸ್ತಕದಲ್ಲಿ ಅದನ್ನು ಬಳಸಿದರು. 1942ರಲ್ಲಿ ಅಮೆರಿಕದ ಜೆ.ಐ. ರೊಡೇಲ್ ಸಾವಯವ ಕೃಷಿಗೆಂದೇ ಪತ್ರಿಕೆ ಶುರು ಮಾಡಿದರು, ಹೋವರ್ಡ್ ಅದರ ಸಂಪಾದಕ ಬಳಗದಲ್ಲಿದ್ದರು. 1946ರಲ್ಲಿ ಇಂಗ್ಲೆಂಡಿನಲ್ಲಿ ಸಾಯಿಲ್ ಅಸೋಸಿಯೇಶನ್ ಹುಟ್ಟಿತು. ಅದಕ್ಕೆ ಪ್ರೇರಣೆ ಹೋವರ್ಡ್ ಅವರ ಕೆಲಸವೇ, ಆದರೂ ಅವರು ಆ ಸಂಘದಿಂದ ದೂರ ಉಳಿದರು.

1947ರ ಅಕ್ಟೋಬರ್ 20ರಂದು ಹೋವರ್ಡ್ ತೀರಿಕೊಂಡರು. ಅವರಿಗೆ ಕೃಷಿ ಕಲಿಸಿದ ಭಾರತ ಸ್ವತಂತ್ರವಾಗಿ ಆಗ ಎರಡು ತಿಂಗಳು.

ಹೋವರ್ಡ್ ಎಲ್ಲಿ ಸರಿ, ಎಲ್ಲಿ ಅತಿ?

ದೊಡ್ಡವರು ಹೇಳಿದ್ದೆಲ್ಲ ನಿಜ ಎಂದು ಒಪ್ಪುವುದು ವಿಜ್ಞಾನವಲ್ಲ. ಹೋವರ್ಡ್ ವಿಷಯದಲ್ಲೂ ಅಷ್ಟೇ.

ಮಣ್ಣಿಗೆ ಸಾವಯವ ಪದಾರ್ಥ ಸೇರಿಸಿದರೆ ಅದು ಹೆಚ್ಚು ನೀರು ಹಿಡಿದಿಡುತ್ತದೆ, ಸಡಿಲವಾಗುತ್ತದೆ, ಅದರಲ್ಲಿ ಜೀವಿಗಳು ಹೆಚ್ಚುತ್ತವೆ. ಇದನ್ನು ಆಮೇಲಿನ ಸಂಶೋಧನೆಗಳು ಗಟ್ಟಿ ಮಾಡಿವೆ. ಮಳೆ ನಂಬಿದ ಹೊಲಕ್ಕೆ ಇದು ಸಣ್ಣ ವಿಷಯವಲ್ಲ. ಎರಡು ಮಳೆಗಳ ನಡುವೆ ಬೆಳೆ ಬಾಡದೆ ಉಳಿಯುವುದು ಅದರಿಂದಲೇ.

ಆದರೆ ಮಣ್ಣು ಸರಿಯಿದ್ದರೆ ಬೆಳೆಗೂ ದನಕ್ಕೂ ಮನುಷ್ಯನಿಗೂ ರೋಗವೇ ಹತ್ತಿರ ಸುಳಿಯುವುದಿಲ್ಲ ಎಂಬ ಮಟ್ಟಕ್ಕೆ ಹೋವರ್ಡ್ ಹೋದರು. ಅದು ಸಾಬೀತಾಗಿಲ್ಲ. ಎತ್ತುಗಳ ಕಥೆ ಒಂದು ಗಮನಿಕೆ, ಪ್ರಯೋಗವಲ್ಲ. ಅಕ್ಕಪಕ್ಕ ಎರಡು ಗುಂಪು ಮಾಡಿ, ಬೇರೆಲ್ಲ ಸಮನಾಗಿಟ್ಟು ಹೋಲಿಸಿದ್ದಲ್ಲ. ಕಾಲುಬಾಯಿ ಜ್ವರ ವೈರಸ್ಸಿನಿಂದ ಬರುತ್ತದೆ, ಅದಕ್ಕೆ ಲಸಿಕೆ ಹಾಕಿಸಲೇಬೇಕು. ಹತ್ತಿಯ ಕಾಯಿಕೊರಕ ಹುಳವೂ ಒಳ್ಳೆ ಮಣ್ಣು ನೋಡಿ ಹಿಂದಿರುಗಿ ಹೋಗುವುದಿಲ್ಲ. ಸಾವಯವ ಹೊಲದಲ್ಲೂ ಬೇವಿನ ಕಷಾಯ, ಮೋಹಕ ಬಲೆ, ಬೆಳೆ ಬದಲಾವಣೆ ಎಲ್ಲ ಬೇಕು.

ಇಳುವರಿಯ ಮಾತೂ ಹೀಗೆಯೇ. ಹೋವರ್ಡ್ ದುಡಿದ ಇಂದೋರಿಗೆ ಬಹಳ ದೂರವಿಲ್ಲದ ಖರ್ಗೋನ್ ಜಿಲ್ಲೆಯಲ್ಲಿ 2007ರಿಂದ ಸಾವಯವ ಮತ್ತು ಸಾಮಾನ್ಯ ಹತ್ತಿಯನ್ನು ಅಕ್ಕಪಕ್ಕ ಬೆಳೆದು ಹೋಲಿಸುವ ದೀರ್ಘ ಪ್ರಯೋಗ ನಡೆದಿದೆ. ಅದರ ಮೊದಲ ವರ್ಷಗಳ ಲೆಕ್ಕದಲ್ಲಿ ಸಾವಯವ ಹತ್ತಿಯ ಇಳುವರಿ ಕಡಿಮೆ ಬಂತು, ಆದರೆ ಖರ್ಚೂ ಕಡಿಮೆಯಾದ್ದರಿಂದ ರೈತನ ಕೈಗೆ ಉಳಿಯುವ ಹಣದಲ್ಲಿ ಅಂಥ ವ್ಯತ್ಯಾಸ ಇರಲಿಲ್ಲ. ಸಾವಯವಕ್ಕೆ ಹೋದ ಮೊದಲ ವರ್ಷವೇ ಬಂಪರ್ ಬೆಳೆ ಎನ್ನುವ ವಿಡಿಯೊಗಳನ್ನು ನಂಬಿ ಸಾಲ ಮಾಡಬೇಡಿ.

ಈಗ ಆ ಫಾರ್ವರ್ಡ್‌ಗಳನ್ನು ಒಂದೊಂದಾಗಿ ನೋಡೋಣ

*ಮಾಮೂಲಿ ಹತ್ತಿ ಬಟ್ಟೆಯಲ್ಲಿ ಕೀಟನಾಶಕ ತುಂಬಿರುತ್ತದೆಯೇ?* ಇಲ್ಲ. ಹತ್ತಿ ಬಟ್ಟೆಯಾಗುವಾಗ ಕ್ಷಾರದಲ್ಲಿ ಕುದಿಸಿ, ಬಿಳುಪು ಮಾಡಿ, ಹಲವು ಸಲ ತೊಳೆಯುತ್ತಾರೆ. ಹೊಲದ ಔಷಧಿ ಬಹುಪಾಲು ಅಲ್ಲೇ ಹೋಗುತ್ತದೆ. ಬಟ್ಟೆಯಿಂದ ಚರ್ಮ ಕೆರೆತ ಬಂದರೆ ಹೆಚ್ಚಾಗಿ ಕಾರಣ ಬಣ್ಣ, ಸುಕ್ಕು ಬಾರದಂತೆ ಹಚ್ಚುವ ಫಾರ್ಮಾಲ್ಡಿಹೈಡ್‌ನಂಥ ರಾಸಾಯನಿಕ ಅಥವಾ ಸೋಪಿನ ಪುಡಿ. ಹೊಸ ಬಟ್ಟೆಯನ್ನು ಒಮ್ಮೆ ತೊಳೆದು ಹಾಕುವುದು ಎಲ್ಲಕ್ಕಿಂತ ಸುಲಭದ ಉಪಾಯ.

*ಸಾವಯವ ಬಟ್ಟೆ ಅಲರ್ಜಿ ವಾಸಿ ಮಾಡುತ್ತದೆಯೇ?* ಬಟ್ಟೆ ಔಷಧಿಯಲ್ಲ. ಇಸುಬು ಇರುವ ಮಕ್ಕಳಿಗೆ ಮೆತ್ತನೆಯ ಹತ್ತಿ ಒಳ್ಳೆಯದು, ಅದು ಸಾವಯವವಾಗಿರಲೇಬೇಕೆಂದಿಲ್ಲ. ಗಾಟ್ಸ್ ಎಂಬ ಅಂತರರಾಷ್ಟ್ರೀಯ ಗುರುತು ಇರುವ ಬಟ್ಟೆಯಲ್ಲಿ ಮಾತ್ರ ಒಂದು ಹೆಚ್ಚುವರಿ ಅನುಕೂಲ ಇದೆ. ಹೊಲದ ಜೊತೆಗೆ ಬಣ್ಣ, ಸಂಸ್ಕರಣೆಗೂ ಅದು ನಿಯಮ ಹಾಕುತ್ತದೆ. ಈ ಗುರುತನ್ನು ರೂಪಿಸಿದ ನಾಲ್ಕು ಸಂಸ್ಥೆಗಳಲ್ಲಿ ಮೇಲೆ ಹೇಳಿದ ಸಾಯಿಲ್ ಅಸೋಸಿಯೇಶನ್ ಕೂಡ ಒಂದು.

*ಶೇ. 91ರಷ್ಟು ನೀರು ಉಳಿತಾಯ?* ಈ ಅಂಕಿ 2014ರ ಒಂದು ಅಧ್ಯಯನದಿಂದ ಬಂದದ್ದು. ಅದರಲ್ಲಿದ್ದ ಸಾವಯವ ಹೊಲಗಳು ಹೆಚ್ಚಾಗಿ ಮಳೆಯಾಶ್ರಿತ. ಹೋಲಿಸಿದ ಸಾಮಾನ್ಯ ಹತ್ತಿಯಲ್ಲಿ ನೀರಾವರಿ ಹೊಲಗಳೂ ಬಹಳ ಇದ್ದವು. ನೀರು ಉಳಿದದ್ದು ಮುಖ್ಯವಾಗಿ ಮಳೆಯಿಂದ, ಸಾವಯವದಿಂದಲ್ಲ. ಆ ಲೆಕ್ಕದಲ್ಲಿ ಗುಂಡ್ಲುಪೇಟೆಯ ಮಳೆಯಾಶ್ರಿತ ಹತ್ತಿ, ಯಾವ ಲೇಬಲ್ ಇಲ್ಲದಿದ್ದರೂ, ಬೋರ್‌ವೆಲ್ ನೀರು ಕುಡಿದ ಸಾವಯವ ಹತ್ತಿಗಿಂತ ನೀರಿನ ವಿಷಯದಲ್ಲಿ ಮೇಲು.

*ಜಗತ್ತಿನ ಕೀಟನಾಶಕದಲ್ಲಿ ಕಾಲು ಭಾಗ ಹತ್ತಿಗೇ ಹೋಗುತ್ತದೆಯೇ?* ಇದು ಹಳೆಯ ಅಂಕಿ. ಅಂತರರಾಷ್ಟ್ರೀಯ ಹತ್ತಿ ಸಲಹಾ ಸಮಿತಿಯ ಇತ್ತೀಚಿನ ಲೆಕ್ಕದಲ್ಲಿ ಹುಳ ಕೊಲ್ಲುವ ಔಷಧಿಗಳಲ್ಲಿ ಹತ್ತಿಯ ಪಾಲು ಸುಮಾರು ಶೇ. 10. ಹತ್ತಿ ಬೆಳೆಯುವ ನೆಲದ ಪ್ರಮಾಣ ನೋಡಿದರೆ ಇದೂ ಜಾಸ್ತಿಯೇ.

*ಖಾದಿ ಎಂದರೆ ಸಾವಯವವೇ?* ಅಲ್ಲ. ಚಾಮರಾಜನಗರದಿಂದ ನಂಜನಗೂಡಿನ ದಾರಿಯಲ್ಲಿ ಬದನವಾಳಿನ ಹಳೆಯ ಖಾದಿ ಕೇಂದ್ರ ಎಲ್ಲರಿಗೂ ಗೊತ್ತು. ಖಾದಿ ಎಂದರೆ ಕೈಯಲ್ಲಿ ನೂತು, ಕೈಮಗ್ಗದಲ್ಲಿ ನೇಯ್ದದ್ದು. ಅದರಿಂದ ಕೈಗಳಿಗೆ ಕೆಲಸ ಸಿಗುತ್ತದೆ, ವಿದ್ಯುತ್ ಉಳಿಯುತ್ತದೆ. ಆದರೆ ಆ ಹತ್ತಿ ಬೆಳೆದ ಹೊಲದಲ್ಲಿ ಏನು ಸಿಂಪಡಿಸಿದರು ಎಂಬುದು ಬೇರೆ ಪ್ರಶ್ನೆ.

ಹಾಗಾದರೆ ಲಾಭ ಯಾರಿಗೆ?

ಹೋವರ್ಡ್ ಬದುಕು ತೋರಿಸುವ ಉತ್ತರ ಇದು. ಸಾವಯವ ಹತ್ತಿಯ ಮೊದಲ ಲಾಭ ಅದನ್ನು ಉಡುವವರಿಗಲ್ಲ, ಬೆಳೆಯುವವರಿಗೆ.

2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು, ಕೂಲಿಯವರು ವಿಷ ತಗುಲಿ ಸತ್ತರು. ಆ ಹತ್ತಿಯಿಂದ ಆದ ಬಟ್ಟೆ ತೊಟ್ಟವರಿಗೆ ಏನೂ ಆಗಿರಲಿಕ್ಕಿಲ್ಲ. ವಿಷ ಇರುವುದು ಅಂಗಡಿಯ ಬಟ್ಟೆಯಲ್ಲಲ್ಲ, ಸಿಂಪಡಿಸುವವನ ಅಂಗಿಯಲ್ಲಿ. ಆ ಅಂಗಿಯನ್ನು ಮನೆಯಲ್ಲಿ ಒಗೆಯುವ ಹೆಂಗಸಿನ ಕೈಯಲ್ಲಿ. ತೊಳೆದು ನೀರು ತುಂಬಿಡುವ ಖಾಲಿ ಡಬ್ಬದಲ್ಲಿ. ಸಾವಯವ ಹತ್ತಿ ಕುಟುಂಬಕ್ಕೆ ಒಳ್ಳೆಯದು ಎಂಬ ಮಾತು ನಿಜವಾಗುವುದು ಈ ಕುಟುಂಬದ ವಿಷಯದಲ್ಲಿ.

ನಮ್ಮ ಕಡೆಯ ಎಲ್ಲ ಹತ್ತಿ ಬೆಳೆಗಾರರೂ ನಾಳೆಯೇ ಸಾವಯವಕ್ಕೆ ಹೋಗಲು ಆಗುವುದಿಲ್ಲ. 2002ರಲ್ಲಿ ಅನುಮತಿ ಸಿಕ್ಕ ಬಿಟಿ ಹತ್ತಿ ಇಂದು ದೇಶದ ಹತ್ತಿ ನೆಲದಲ್ಲಿ ಶೇ. 90ಕ್ಕೂ ಹೆಚ್ಚು ಇದೆ. ಸಾವಯವ ನಿಯಮದಲ್ಲಿ ಬಿಟಿ ಬೀಜಕ್ಕೆ ಅವಕಾಶವಿಲ್ಲ, ಬಿಟಿ ಅಲ್ಲದ ಒಳ್ಳೆ ಬೀಜ ಸುಲಭಕ್ಕೆ ಸಿಗುವುದೂ ಇಲ್ಲ. ಪ್ರಮಾಣಪತ್ರ ಸಿಗಲು ಎರಡು ಮೂರು ವರ್ಷ ಕಾಯಬೇಕು. ಆದರೆ ಲೇಬಲ್ ಇಲ್ಲದೆಯೂ ಮಾಡಬಹುದಾದ ಕೆಲಸಗಳಿವೆ.

ಹತ್ತಿ ಕಡ್ಡಿಗೆ ಬೆಂಕಿ ಇಡಬೇಡಿ, ಹಾಗೆಯೇ ಹೊಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಲೂ ಬೇಡಿ. ಉಳಿದ ಕಾಯಿಗಳಲ್ಲಿ ಗುಲಾಬಿ ಕಾಯಿಕೊರಕ ಅಡಗಿ ಮುಂದಿನ ಬೆಳೆಗೆ ಬರುತ್ತದೆ. ಬೇಗ ಕಿತ್ತು, ಪುಡಿ ಮಾಡಿ, ಸಗಣಿಯೊಂದಿಗೆ ಗೊಬ್ಬರಕ್ಕೆ ಹಾಕಿ. ಎತ್ತಿನಗಾಡಿ ಇಲ್ಲದಿದ್ದರೆ ಟ್ರ್ಯಾಕ್ಟರ್ ಚಕ್ರ ಅದೇ ಕೆಲಸ ಮಾಡುತ್ತದೆ.

ತಿರುವಿ ಹಾಕಲು ಆಳು, ಚಿಮುಕಿಸಲು ನೀರು ಎರಡೂ ಇಲ್ಲ ಎನ್ನುವವರಿಗೆ ನಮ್ಮದೇ ರಾಜ್ಯದ ದಾರಿ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ 1939ರಲ್ಲಿ ರೂಪಿಸಿದ ಬೆಂಗಳೂರು ಪದ್ಧತಿ. ಗುಂಡಿಯಲ್ಲಿ ಕಸ, ಸಗಣಿಯನ್ನು ಪದರವಾಗಿ ಹಾಕಿ ಮೇಲೆ ಮಣ್ಣು ಮೆತ್ತಿ ಮುಚ್ಚಿದರೆ ಮುಗಿಯಿತು, ತಿರುವುವ ಕೆಲಸವಿಲ್ಲ. ಆರರಿಂದ ಎಂಟು ತಿಂಗಳು ಕಾಯಬೇಕು ಅಷ್ಟೇ. ನೀರು ಕಡಿಮೆ ಇರುವ ಊರಿಗೆ ಇದು ಹೊಂದುತ್ತದೆ.

ಔಷಧಿ ಹೊಡೆಯುವುದೇ ಆದರೆ ಕೈಗವಸು, ಮುಖವಾಡ, ಮೈತುಂಬ ಬಟ್ಟೆ ಬೇಕು. ಗಾಳಿಗೆ ಎದುರಾಗಿ ಹೊಡೆಯಬೇಡಿ. ಆ ಬಟ್ಟೆಯನ್ನು ಮಕ್ಕಳ ಬಟ್ಟೆಯ ಜೊತೆ ನೆನೆಸಬೇಡಿ. ಖಾಲಿ ಡಬ್ಬಕ್ಕೆ ತೂತು ಹೊಡೆಯಿರಿ, ಯಾರೂ ಮತ್ತೆ ಬಳಸದಂತೆ. ತಲೆಸುತ್ತು, ವಾಂತಿ, ಕಣ್ಣು ಮಂಜಾದರೆ ತಡಮಾಡದೆ 108ಕ್ಕೆ ಫೋನ್ ಮಾಡಿ, ಡಬ್ಬದ ಲೇಬಲ್ ಆಸ್ಪತ್ರೆಗೆ ಒಯ್ಯಿರಿ.

ಬಟ್ಟೆ ಕೊಳ್ಳುವವರಿಗೂ ಒಂದು ಮಾತು. ಕಾಟನ್ ಎಂದು ಬರೆದ ಮಾತ್ರಕ್ಕೆ ಅದು ಸಾವಯವವಲ್ಲ. ಗಾಟ್ಸ್ ಗುರುತಿನಲ್ಲಿ ಸಾವಯವ ಎಂದು ಬರೆಯಲು ನಾರಿನಲ್ಲಿ ಕನಿಷ್ಠ ಶೇ. 95 ಸಾವಯವ ಇರಬೇಕು, ಸಾವಯವ ಬಳಸಿ ಮಾಡಿದ್ದು ಎನ್ನಲು ಶೇ. 70. ಲೇಬಲ್ ಮೇಲಿನ ಲೈಸೆನ್ಸ್ ನಂಬರನ್ನು ಗಾಟ್ಸ್ ವೆಬ್‌ಸೈಟಿನಲ್ಲಿ ಮೊಬೈಲಿನಿಂದಲೇ ಪರೀಕ್ಷಿಸಬಹುದು. ಪರೀಕ್ಷಿಸುವುದು ಒಳ್ಳೆಯದು. 2020ರಲ್ಲಿ ಭಾರತದಲ್ಲಿ 20,000 ಟನ್ ಹತ್ತಿಗೆ ಸುಳ್ಳು ಸಾವಯವ ದಾಖಲೆ ಸೃಷ್ಟಿಸಿದ್ದು ಪತ್ತೆಯಾಗಿತ್ತು. ಇಂಥ ಮೋಸದಲ್ಲಿ ನಿಜವಾಗಿ ಬೆಳೆದ ರೈತನಿಗೂ ಪೆಟ್ಟು, ಹೆಚ್ಚು ದುಡ್ಡು ಕೊಟ್ಟ ನಿಮಗೂ ಪೆಟ್ಟು.

ಇನ್ನೊಮ್ಮೆ ಆ ಫಾರ್ವರ್ಡ್ ಬಂದರೆ ಮಗುವಿನ ಫೋಟೊ ನೋಡಿ ಹತ್ತು ಜನಕ್ಕೆ ಕಳಿಸಬೇಡಿ. ಹೋವರ್ಡ್ ಬಿಟ್ಟುಹೋದ ಪಾಠ ಫೋಟೊದಲ್ಲಿಲ್ಲ, ಹೊಲದ ಬದಿಯಲ್ಲಿ ಬಿದ್ದಿರುವ ಆ ಕಡ್ಡಿಯಲ್ಲಿದೆ. ಹತ್ತಿ ಬೆಳೆಯುವ ಒಬ್ಬ ನೆಂಟರಿಗೆ ಫೋನ್ ಮಾಡಿ, ಈ ಸಲ ಕಡ್ಡಿ ಏನು ಮಾಡಿದಿರಿ, ಔಷಧಿ ಹೊಡೆಯುವಾಗ ಮುಖಕ್ಕೆ ಏನು ಕಟ್ಟಿಕೊಳ್ಳುತ್ತೀರಿ ಎಂದು ಕೇಳಿ. ಈ ಲೇಖನ ಕಳಿಸುವುದಾದರೆ ಮೊದಲು ಅವರಿಗೇ ಕಳಿಸಿ.